ವನ್ಯಜೀವಿ ಶಿಕ್ಷಣವನ್ನೇ ವೃತ್ತಿ ಮಾಡಿಕೊಳ್ಳಬೇಕೇ? ಉತ್ತರ ಕನ್ನಡದವರ ಮುಂದಿರುವ ದಾರಿಗಳು

ಪಿಯುಸಿ, ಡಿಗ್ರಿ ಮುಗಿಸುವ ಹೊತ್ತಿನ ಹುಡುಗ ಹುಡುಗಿಯರು ಈಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳುತ್ತಿದ್ದಾರೆ. ಒಬ್ಬನಿಗೆ ಮಕಾವ್ ಗಿಳಿ, ಇಗುವಾನಾ ಎಂಬ ದೊಡ್ಡ ಹಲ್ಲಿ, ಬಾಲ್ ಪೈಥಾನ್ ಹಾವು ಸಾಕಿ, ಶಾಲೆಗಳಿಗೆ ಒಯ್ದು ತೋರಿಸಿ, ಅದರಲ್ಲೇ ಬದುಕುವ ಆಸೆ. ಇನ್ನೊಬ್ಬಳಿಗೆ ಮೈಸೂರು ಮೃಗಾಲಯ ಸೇರುವ ಕನಸು. ಮತ್ತೊಬ್ಬ ದಾಂಡೇಲಿಯಲ್ಲಿ ಗೈಡ್ ಆಗಲೋ, ಶಿರಸಿಯಲ್ಲಿ ಫಾರೆಸ್ಟ್ರಿ ಸೇರಲೋ ಎಂದು ತೂಗುತ್ತಿದ್ದಾನೆ. ಮನೆಯವರದ್ದು ಮಾತ್ರ ಒಂದೇ ಮಾತು: ‘ಇದರಲ್ಲಿ ಹೊಟ್ಟೆ ತುಂಬ್ತದಾ?’

ತುಂಬುತ್ತದೆ. ಆದರೆ ಎಲ್ಲ ದಾರಿಯಲ್ಲೂ ಒಂದೇ ವೇಗದಲ್ಲಿ ಅಲ್ಲ, ಎಲ್ಲರಿಗೂ ಅಲ್ಲ. ಕಾರವಾರ, ಕುಮಟಾ, ಶಿರಸಿ, ಯಲ್ಲಾಪುರ, ಹಳಿಯಾಳ ಕಡೆಯವರಿಗೆ ನಿಜವಾಗಿ ಕೈಗೆಟಕುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ.

ಯಾವುದರಿಂದ ಅಳೆಯಬೇಕು

ನಿಮಗೆ ಬೇಕಿರುವುದು ಪ್ರಾಣಿಯ ಒಡನಾಟವೋ, ಮಕ್ಕಳ ಒಡನಾಟವೋ? ಇದನ್ನು ಮೊದಲು ಕೇಳಿಕೊಳ್ಳಿ. ಶಿಕ್ಷಣ ಎಂದರೆ ಜನರ ಜೊತೆಗಿನ ಕೆಲಸ. ದಿನಕ್ಕೆ ನಾಲ್ಕು ತರಗತಿಗೆ ಅದೇ ಮಾತನ್ನು ಅದೇ ಉತ್ಸಾಹದಲ್ಲಿ ಹೇಳಬೇಕು, ತರಲೆ ಮಾಡುವ ಮಗುವನ್ನೂ ಒಳಗೆ ಎಳೆದುಕೊಳ್ಳಬೇಕು. ಪ್ರಾಣಿ ಸಾಕುವುದು ಬೇರೆಯದೇ ಕೆಲಸ. ಅಲ್ಲಿ ದಿನದ ಬಹುಪಾಲು ಗೂಡು ತೊಳೆಯುವುದು, ಹಣ್ಣು ಹೆಚ್ಚುವುದು, ಸಗಣಿ ಹೊರುವುದು, ಸುಮ್ಮನೆ ನಿಂತು ನೋಡುವುದು. ಎರಡೂ ಒಳ್ಳೆಯ ಕೆಲಸಗಳೇ. ಒಂದನ್ನು ಇಷ್ಟಪಡುವವರಿಗೆ ಇನ್ನೊಂದು ಇಷ್ಟವಾಗಬೇಕೆಂದೇನೂ ಇಲ್ಲ.

ಆಮೇಲೆ ಕಾನೂನು. ಆಮೇಲೆ ದುಡ್ಡು. ದುಡ್ಡಿನಲ್ಲಿ ಆರಂಭದ ಬಂಡವಾಳಕ್ಕಿಂತ ತಿಂಗಳ ಖರ್ಚನ್ನೂ, ಸಂಪಾದನೆ ಒಂದು ಹದಕ್ಕೆ ಬರುವವರೆಗೆ ಎಷ್ಟು ವರ್ಷ ಕಾಯಬಲ್ಲಿರಿ ಎನ್ನುವುದನ್ನೂ ಲೆಕ್ಕ ಹಾಕಿ. ಊರಲ್ಲೇ ಇರಬೇಕೋ, ಹೊರಗೆ ಹೋಗಲು ಸಿದ್ಧವೋ ಎಂಬುದು ಇನ್ನೊಂದು. ಮನೆಯಲ್ಲಿ ಅಡಿಕೆ ತೋಟವಿದ್ದು ಅದನ್ನು ನೋಡಿಕೊಳ್ಳಬೇಕಾದವರಿಗೂ, ಮೀನುಗಾರಿಕೆಯ ಮನೆಯಿಂದ ಬಂದು ತಕ್ಷಣ ಸಂಬಳ ಬೇಕಾದವರಿಗೂ ಉತ್ತರ ಒಂದೇ ಆಗುವುದಿಲ್ಲ, ಅಲ್ವಾ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರದ ಅಳತೆ ಇನ್ನೊಂದಿದೆ. ಈ ಪಾಠದಿಂದ ಪ್ರಾಣಿಗೆ ಏನಾಯಿತು, ಮಗು ಮನೆಗೆ ಏನನ್ನು ಒಯ್ದಿತು?

ಸ್ವಂತ ವಿದೇಶಿ ಪ್ರಾಣಿಗಳೊಂದಿಗೆ ಶಾಲೆಯಿಂದ ಶಾಲೆಗೆ

ಹೆಚ್ಚಿನವರ ಕಣ್ಣು ಇರುವುದು ಇದರ ಮೇಲೆ, ಹಾಗಾಗಿ ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊಬೈಲ್‌ನಲ್ಲಿ ಕಾಣುವ ಇಂಥ ವಿಡಿಯೊಗಳು ಬಹಳಷ್ಟು ಅಮೆರಿಕದವು. ಅಲ್ಲಿ ಬಿಸಿರಕ್ತದ ಕಾಡುಪ್ರಾಣಿ, ವಿದೇಶಿ ಪ್ರಾಣಿಗಳನ್ನು ಸಾರ್ವಜನಿಕರಿಗೆ ತೋರಿಸುವವರು 1966ರ ಪ್ರಾಣಿ ಕಲ್ಯಾಣ ಕಾಯ್ದೆಯಂತೆ ಕೇಂದ್ರ ಕೃಷಿ ಇಲಾಖೆಯ ಪರವಾನಗಿ ಪಡೆಯಬೇಕು, ತಪಾಸಣೆಗೆ ಒಳಪಡಬೇಕು. ಕ್ಯಾಲಿಫೋರ್ನಿಯಾದ ಮೂರ್‌ಪಾರ್ಕ್ ಕಾಲೇಜಿನಲ್ಲಿ ಇದಕ್ಕೆಂದೇ ಕೋರ್ಸ್ ಇದೆ. ಕಾಲೇಜಿನ ಆವರಣದಲ್ಲೇ ಮೃಗಾಲಯವಿದ್ದು, ಅದನ್ನು ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಾರೆ. ವಿಡಿಯೊದಲ್ಲಿ ಕಾಣುವ ನಗುಮುಖದ ಹಿಂದೆ ಇಷ್ಟೆಲ್ಲ ಏರ್ಪಾಡಿದೆ.

ನಮ್ಮಲ್ಲಿ ಕಾನೂನು ಬೇರೆ. ನಮ್ಮ ದೇಶದ ಕಾಡುಪ್ರಾಣಿಗಳ ವಿಷಯದಲ್ಲಿ ಮಾತೇ ಇಲ್ಲ. ಮನೆಯ ಪಂಜರದಲ್ಲಿ ಕಾಣುವ ನಮ್ಮ ಹಸಿರು ಗಿಳಿ, ಅದೃಷ್ಟ ತರುತ್ತದೆಂದು ಸಾಕುವ ನಕ್ಷತ್ರ ಆಮೆ, ಎರಡನ್ನೂ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ವಿದೇಶಿ ಪ್ರಾಣಿಗಳು ಬಹುಕಾಲ ಈ ಕಾಯ್ದೆಯ ಹೊರಗೇ ಇದ್ದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಬಂದವು. ಮಕಾವ್, ಆಫ್ರಿಕನ್ ಗ್ರೇ ಗಿಳಿ, ಹಸಿರು ಇಗುವಾನಾ, ಬಾಲ್ ಪೈಥಾನ್ ಎಲ್ಲವೂ ಆ ಪಟ್ಟಿಯಲ್ಲಿವೆ. ಇವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. 2024ರ ಫೆಬ್ರವರಿಯಲ್ಲಿ ಅದರ ನಿಯಮಗಳೂ ಬಂದವು, ಅರ್ಜಿ ಹೋಗುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ. ಬಜರಿಗಾರ್, ಕಾಕಟೀಲ್‌ನಂಥ ಸಣ್ಣ ಪಂಜರದ ಹಕ್ಕಿಗಳು ಸೈಟಿಸ್ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನೋಂದಣಿ ಎಂದರೆ ಇಟ್ಟುಕೊಂಡಿದ್ದೇನೆ ಎಂಬುದಕ್ಕೆ ದಾಖಲೆ ಅಷ್ಟೇ, ತೋರಿಸಿ ದುಡಿಯಲು ಪರವಾನಗಿ ಅಲ್ಲ. ಕಾಯ್ದೆಯಲ್ಲಿ ಮೃಗಾಲಯ ಎನ್ನುವ ಮಾತಿಗೆ ಒಂದೇ ಕಡೆ ಇರುವುದೂ ಸೇರುತ್ತದೆ, ಊರೂರು ಸುತ್ತುವುದೂ ಸೇರುತ್ತದೆ. ಮೃಗಾಲಯ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಪ್ರಾಣಿಯಿಂದ ಪ್ರದರ್ಶನ ಮಾಡಿಸುವುದಾದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರ ಅಡಿಯ 2001ರ ನಿಯಮಗಳು ಇವೆ. ಹಾಗಾಗಿ ಒಂದು ಹಕ್ಕಿಗೂ ಮುಂಗಡ ಕೊಡುವ ಮೊದಲು ನಿಮ್ಮ ವಿಭಾಗದ ಡಿಸಿಎಫ್ (ಅರಣ್ಯ ಉಪ ಸಂರಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಎಂದು ಐದು ಅರಣ್ಯ ವಿಭಾಗಗಳಿವೆ. ಮಾರುವವರು ‘ಏನೂ ಆಗೂದಿಲ್ಲ, ಎಲ್ಲರೂ ಇಟ್ಕೊಂಡಿದಾರೆ’ ಎನ್ನುತ್ತಾರೆ. ಅವರ ಮಾತಿನ ಮೇಲೆ ಬದುಕು ಕಟ್ಟಬೇಡಿ.

ಕಾನೂನು ದಾಟಿದಿರಿ ಎಂದೇ ಇಟ್ಟುಕೊಳ್ಳೋಣ. ಬಾಲ್ ಪೈಥಾನ್ ಆಫ್ರಿಕದ ಹಾವು. ಅದರ ಪೆಟ್ಟಿಗೆಯ ಒಂದು ಬದಿ ಸದಾ 31, 32 ಡಿಗ್ರಿ ಬೆಚ್ಚಗಿರಬೇಕು. ಇಗುವಾನಾಕ್ಕೆ ಬಿಸಿಯ ಜೊತೆ ಯುವಿಬಿ ದೀಪ ಬೇಕು. ಅದಿಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗಿ, ದವಡೆ ಊದಿ, ಕಾಲು ಸೊಟ್ಟಗಾಗುತ್ತದೆ. ಈಗ ಜುಲೈ ತಿಂಗಳ ಶಿರಸಿ ಸೀಮೆಯನ್ನು ನೆನೆಸಿಕೊಳ್ಳಿ. ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಇನ್ವರ್ಟರ್ ಎಷ್ಟು ಹೊತ್ತು ಎಳೆದೀತು? ಕರಾವಳಿಯ ತೇವಕ್ಕೆ ಗಿಳಿಯ ಕಾಳು ಬೂಸ್ಟು ಹಿಡಿಯುತ್ತದೆ, ಆ ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೆ ಇಳಿದರೆ ಗುಣಪಡಿಸುವುದು ಬಹಳ ಕಷ್ಟ. ದನ ಎಮ್ಮೆ ನೋಡುವ ವೈದ್ಯರು ತಾಲೂಕಿಗೆಲ್ಲ ಸಿಗುತ್ತಾರೆ, ಮಕಾವ್ ನೋಡಿ ಅಭ್ಯಾಸವಿರುವವರನ್ನು ಹುಡುಕಿಕೊಂಡು ದೂರ ಹೋಗಬೇಕು. ಅದೇ ಮಕಾವ್ ಐವತ್ತು ವರ್ಷ ಬದುಕಬಲ್ಲ ಹಕ್ಕಿ. ನಿಮಗೆ ಮದುವೆಯಾಗಿ, ಮಕ್ಕಳಾಗಿ, ಮಕ್ಕಳು ಬೆಂಗಳೂರಿಗೆ ಹೋದ ಮೇಲೂ ಅದು ಪಂಜರದಲ್ಲಿ ಕಿರುಚುತ್ತ ಇರುತ್ತದೆ. ಅದನ್ನು ನೋಡಿಕೊಳ್ಳುವವರು ಯಾರು?

ಶಾಲೆಯ ಕಡೆಯಿಂದಲೂ ಯೋಚಿಸಬೇಕು. ಸರೀಸೃಪಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳು ಅವನ್ನು ಮುಟ್ಟಲೇಬಾರದು, ದೊಡ್ಡವರೂ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಗಿಳಿಗಳಿಂದ ಸಿಟಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಅರವತ್ತು ಮಕ್ಕಳ ಗಲಾಟೆಯ ನಡುವೆ ಕೈಯಿಂದ ಕೈಗೆ ಸಾಗುವ ಹಾವಿಗೆ ಅದು ಪಾಠವಲ್ಲ, ಹೆದರಿಕೆ.

ಮಗು ಮನೆಗೆ ಹೋಗಿ ಹೇಳುವುದು ಏನು? ‘ಅಪ್ಪಾ, ನಂಗೂ ಒಂದು ಬೇಕು.’ ಕೆಂಪು ಕಿವಿಯ ಆಮೆಯ ಕತೆ ಇದೇ. ನಾಣ್ಯದಷ್ಟು ಮರಿಯನ್ನು ಅಕ್ವೇರಿಯಂ ಅಂಗಡಿಯಿಂದ ತರುತ್ತಾರೆ. ಅದು ಬೆಳೆದು ಗೇಣುದ್ದ ದಾಟಿದ ಮೇಲೆ ಊರಿನ ಕೆರೆಗೋ ದೇವಸ್ಥಾನದ ಪುಷ್ಕರಣಿಗೋ ಬಿಡುತ್ತಾರೆ. ಅಮೆರಿಕದ ಆ ಆಮೆ ನಮ್ಮ ಕೆರೆಯ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗೆ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಗೊತ್ತಾಗಿರಬಹುದು. ಇಪ್ಪತ್ತರ ಹರೆಯದಲ್ಲಿ ಈ ದಾರಿಯಿಂದ ಶುರು ಮಾಡಬೇಡಿ. ವಿದೇಶಿ ಪ್ರಾಣಿಗಳ ಮೇಲೇ ಮನಸ್ಸಿದ್ದರೆ ಮುಂದಿನ ದಾರಿ ನೋಡಿ.

ಮೃಗಾಲಯ

ಜಿರಾಫೆ, ಗೊರಿಲ್ಲಾ, ಒರಾಂಗುಟಾನ್, ಹಸಿರು ಅನಕೊಂಡ ಇವುಗಳ ಪಕ್ಕ ಕೆಲಸ ಮಾಡಬೇಕು, ಆದರೆ ಅವುಗಳ ಯಜಮಾನರಾಗುವ ಹೊರೆ ಬೇಡ ಎನ್ನುವವರಿಗೆ ಇರುವ ಜಾಗ ಇದೊಂದೇ. 1892ರಲ್ಲಿ ಶುರುವಾದ ಮೈಸೂರು ಮೃಗಾಲಯ ಎಲ್ಲರಿಗೂ ಗೊತ್ತು. ನಮಗೆ ಹತ್ತಿರದವು ಬೇರೆ ಇವೆ. ಶಿರಸಿ, ಸಿದ್ದಾಪುರದವರಿಗೆ ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ತ್ಯಾವರೆಕೊಪ್ಪ, ಹಳಿಯಾಳದವರಿಗೆ ಬೆಳಗಾವಿ ಬಳಿಯ ಭೂತರಾಮನಹಟ್ಟಿ, ಕರಾವಳಿಯವರಿಗೆ ರೈಲು ಹತ್ತಿದರೆ ಮಂಗಳೂರಿನ ಪಿಲಿಕುಳ. ಕಾಳಿಂಗ ಸರ್ಪವನ್ನು ಬಂಧನದಲ್ಲಿ ಮರಿ ಮಾಡಿಸಿದ ಹೆಸರು ಪಿಲಿಕುಳಕ್ಕಿದೆ.

ಒಳಗೆ ಹೋಗುವ ಬಾಗಿಲುಗಳು ಮೂರು. ಪ್ರಾಣಿಪಾಲಕರ ಕೆಲಸಕ್ಕೆ ಓದು ಕಡಿಮೆ ಸಾಕು, ಮೈಮುರಿ ದುಡಿಮೆ. ಬಹಳಷ್ಟು ಸಲ ಅದು ಗುತ್ತಿಗೆ ಕೆಲಸ, ಆರಂಭದ ಸಂಬಳ ಕಡಿಮೆ. ಶಿಕ್ಷಣಾಧಿಕಾರಿ, ಜೀವಶಾಸ್ತ್ರಜ್ಞ ಹುದ್ದೆಗಳಿಗೆ ಪ್ರಾಣಿಶಾಸ್ತ್ರ ಅಥವಾ ವನ್ಯಜೀವಿ ವಿಷಯದ ಸ್ನಾತಕೋತ್ತರ ಪದವಿ ಇದ್ದರೆ ಅನುಕೂಲ, ಆದರೆ ಹುದ್ದೆಗಳೇ ಕಡಿಮೆ. ವೈದ್ಯರಾಗಲು ಐದೂವರೆ ವರ್ಷದ ಬಿ.ವಿ.ಎಸ್ಸಿ. ಓದಬೇಕು. ಶಿವಮೊಗ್ಗ, ಗದಗದಲ್ಲಿ ಕಾಲೇಜುಗಳಿವೆ. ಮೂರರಲ್ಲಿ ಅತಿ ಭದ್ರವಾದದ್ದು ಇದು: ಮೃಗಾಲಯದಲ್ಲಿ ಕೆಲಸ ಸಿಗದಿದ್ದರೂ ಪಶುವೈದ್ಯರಿಗೆ ಊರಲ್ಲಿ ಅನ್ನವಿದೆ.

ಕಳೆದುಕೊಳ್ಳುವುದೂ ಇದೆ. ಊರು ಬಿಡಬೇಕು. ಎಲ್ಲರಿಗೂ ರಜೆ ಇದ್ದ ದಿನ ನಿಮಗೆ ಕೆಲಸ ಜಾಸ್ತಿ. ಪಂಜರದ ಪ್ರಾಣಿಯನ್ನು ದಿನಾ ನೋಡುವುದು ಕೆಲವರ ಮನಸ್ಸಿಗೆ ಒಗ್ಗುವುದೇ ಇಲ್ಲ. ಅದನ್ನು ಮೊದಲೇ ತಿಳಿಯಲು ಒಂದು ಉಪಾಯವಿದೆ. ಮೈಸೂರು ಮೃಗಾಲಯ ವಿದ್ಯಾರ್ಥಿಗಳಿಗೆ ಯೂತ್ ಕ್ಲಬ್, ಬೇಸಿಗೆ ಶಿಬಿರ ನಡೆಸುತ್ತದೆ. ಮೈಸೂರಿನಲ್ಲಿ ನೆಂಟರ ಮನೆಯಿದ್ದರೆ ಸೇರಿ ನೋಡಿ. ಹತ್ತಿರದ ಮೃಗಾಲಯದಲ್ಲಿ ಸ್ವಯಂಸೇವೆಗೆ ಅವಕಾಶ ಕೇಳಿ. ಪಾಲಕರ ಜೊತೆ ಬೆಳಿಗ್ಗೆ ಗೂಡು ತೊಳೆದ ಮೇಲೂ ಆಸೆ ಉಳಿದರೆ ಮುಂದುವರಿಯಿರಿ.

ಕಾಡಿನ, ಕಡಲಿನ ಗೈಡ್

ಬೇಗ ಸಂಪಾದನೆ ಶುರುವಾಗುವುದು ಇಲ್ಲಿ. ದಾಂಡೇಲಿ, ಗಣೇಶಗುಡಿ, ದೇವಬಾಗ ಮೂರೂ ಕಡೆ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ರೆಸಾರ್ಟ್‌ಗಳಿವೆ, ಖಾಸಗಿ ರೆಸಾರ್ಟ್ ಹೋಂಸ್ಟೇಗಳಂತೂ ಬೇಕಾದಷ್ಟು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಹುಟ್ಟಿದವರಿಗೆ ಅರ್ಧ ಪಾಠ ಬಾಲ್ಯದಲ್ಲೇ ಆಗಿರುತ್ತದೆ. ಮಂಗಟ್ಟೆ ಯಾವ ಮರಕ್ಕೆ ಬರುತ್ತದೆ, ಕೆಂಜಳಿಲು ಎಲ್ಲಿ ಗೂಡು ಕಟ್ಟುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಂಡವಾಳ ಎಂದರೆ ಹತ್ತು ಸಾವಿರದ ಆಸುಪಾಸಿನ ಒಂದು 8x42 ಬೈನಾಕ್ಯುಲರ್, ಫೋನಿನಲ್ಲಿ ಪುಕ್ಕಟೆ ಸಿಗುವ ಮರ್ಲಿನ್, ಇಬರ್ಡ್, ಐನ್ಯಾಚುರಲಿಸ್ಟ್ ಎಂಬ, ಹಕ್ಕಿ ಗಿಡ ಪ್ರಾಣಿಗಳನ್ನು ಗುರುತಿಸಿ ದಾಖಲಿಸುವ ಆ್ಯಪ್‌ಗಳು.

ಕೊರತೆ ಏನೆಂದರೆ, ಮಳೆಗಾಲದಲ್ಲಿ ಸಫಾರಿ, ಕಡಲಾಟ ನಿಲ್ಲುತ್ತದೆ, ಆದಾಯವೂ ಇಳಿಯುತ್ತದೆ. ಬರುವವರು ಹೆಚ್ಚಾಗಿ ನಗರದವರು, ಇಂಗ್ಲಿಷ್ ಹಿಂದಿ ಬೇಕು. ಕೆಲವರಿಗೆ ಹುಲಿಯೋ ಕರಿಚಿರತೆಯೋ ಕಾಣದಿದ್ದರೆ ದಿನವೇ ದಂಡ. ಅವರನ್ನು ಒಂದು ಗೆದ್ದಲುಹುತ್ತದ ಮುಂದೆ ಹತ್ತು ನಿಮಿಷ ನಿಲ್ಲಿಸಬಲ್ಲವರೇ ಈ ಕೆಲಸದಲ್ಲಿ ಮೇಲೆ ಬರುತ್ತಾರೆ. ಓದುವುದನ್ನು ನಿಲ್ಲಿಸಿದರೆ ಐದು ವರ್ಷದ ಮೇಲೂ ಅದೇ ಸಂಬಳ, ಅದೇ ಮಾತು. ಮುಂಬೈಯ ನಿಸರ್ಗ ಅಧ್ಯಯನ ಸಂಸ್ಥೆ ಬಿಎನ್‌ಎಚ್‌ಎಸ್‌ನ ಸರ್ಟಿಫಿಕೇಟ್ ಕೋರ್ಸುಗಳು, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲಿನ ಉಚಿತ ವನ್ಯಜೀವಿ ಪಾಠಗಳು ಈ ಕೆಲಸದ ಜೊತೆಗೇ ಮಾಡಬಹುದಾದವು.

ಪದವಿಯ ದಾರಿ

ಕಾಲ ಹೆಚ್ಚು ಹಿಡಿಯುತ್ತದೆ, ಬಾಗಿಲು ಹೆಚ್ಚು ತೆರೆಯುತ್ತದೆ. ನಮ್ಮ ಜಿಲ್ಲೆಯ ಅದೃಷ್ಟವೆಂದರೆ ಎರಡು ಒಳ್ಳೆಯ ವಿದ್ಯಾಸಂಸ್ಥೆಗಳು ಮನೆಬಾಗಿಲಲ್ಲೇ ಇವೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ನಾಲ್ಕು ವರ್ಷದ ಬಿ.ಎಸ್ಸಿ. ಫಾರೆಸ್ಟ್ರಿ. ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಈ ಪದವೀಧರರಿಗೆ ಪ್ರತ್ಯೇಕ ಪಾಲಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರವೂ ಕಾರವಾರದಲ್ಲೇ ಇರುವುದರಿಂದ ವಿಜ್ಞಾನಿಗಳ ಒಡನಾಟ ಸಿಗುತ್ತದೆ. ಸ್ವಲ್ಪ ಆಚೆ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಎಂ.ಎಸ್ಸಿ. ಇನ್ನೂ ದೂರದ ಗುರಿ ಇಟ್ಟುಕೊಂಡವರಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್. ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್ಸಿ.ಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಸೀಟುಗಳೂ ಬೆರಳೆಣಿಕೆಯಷ್ಟು.

ಈ ಓದು ನಿಮ್ಮನ್ನು ಶಿಕ್ಷಕರನ್ನಾಗಿ ಮಾಡುವುದಿಲ್ಲ. ವಿಷಯ ಬರುತ್ತದೆ, ಮಕ್ಕಳ ಮುಂದೆ ಮಾತಾಡಲು ಬರುವುದಿಲ್ಲ. ಓದುವ ಹೊತ್ತಿಗೇ ತಿಂಗಳಿಗೊಂದು ಶಾಲೆಗೆ ಹೋಗಿ ಅಭ್ಯಾಸ ಮಾಡಿಕೊಳ್ಳಿ.

ಪಂಜರವಿಲ್ಲದ ಪಾಠ

ನಾನು ಹೆಚ್ಚು ನಂಬುವ ದಾರಿ ಇದು. ಪ್ರಾಣಿಯನ್ನು ಶಾಲೆಗೆ ತರುವುದಿಲ್ಲ, ಮಕ್ಕಳನ್ನು ಅದರ ಜಾಗಕ್ಕೆ ಕರೆದೊಯ್ಯುತ್ತೇವೆ.

ಅಘನಾಶಿನಿ ದಂಡೆಯ ಒಂದು ಶಾಲೆಯಲ್ಲಿ ಬಳಚಿನ ಚಿಪ್ಪುಗಳನ್ನು ಮೇಜಿನ ಮೇಲೆ ಹರಡಿ, ‘ಮುಟ್ಟಿ ನೋಡಿ, ಏನು ವ್ಯತ್ಯಾಸ ಹೇಳಿ’ ಎಂದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದಳು. ಕಪ್ಪು ಚಿಪ್ಪುಗಳನ್ನು ಒಂದು ಕಡೆ, ಚಿತ್ತಾರದ ಚಿಪ್ಪುಗಳನ್ನು ಇನ್ನೊಂದು ಕಡೆ ಗುಡ್ಡೆ ಹಾಕಿದಳು. ‘ಇದು ಮೇಲಿನ ಹೊಳೇದು ಸರ್, ಇದು ಅಳಿವೆ ಕಡೇದು. ಅಲ್ಲಿ ನೀರು ಉಪ್ಪು ಜಾಸ್ತಿ. ಅಮ್ಮ ಇಳಿತದಾಗೆ ಹೋಗ್ತಾಳೆ’ ಎಂದಳು. ಸಿಹಿನೀರು ಉಪ್ಪುನೀರು ಬೆರೆಯುವ ಜಾಗದಲ್ಲಿ ಯಾವ ಜೀವಿ ಎಲ್ಲಿ ಬದುಕುತ್ತದೆ ಎಂಬ ಪಾಠ ಅವಳಿಂದಲೇ ಶುರುವಾಯಿತು. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಎಂದು ಹೇಳಿದಾಗ ಆ ತರಗತಿಗೆ ಅದು ತಮ್ಮ ಮನೆಯ ಸುದ್ದಿಯಾಗಿತ್ತು.

ಇಂಥ ಸರಕು ನಮ್ಮಲ್ಲಿ ಎಷ್ಟಿದೆ! ದೇವಬಾಗ, ಕಾಸರಕೋಡ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡುತ್ತದೆ, ಒಂದು ಗೂಡಿನಲ್ಲಿ ನೂರರ ಹತ್ತಿರ. ಏಳೆಂಟು ವಾರಕ್ಕೆ ಮರಿ ಹೊರಬರುತ್ತದೆ. ಅರಣ್ಯ ಇಲಾಖೆ ಗೂಡುಗಳನ್ನು ಕಾಯುತ್ತದೆ. ಘಟ್ಟದ ಮೇಲೆ ಸಿಂಗಳೀಕ, ಮಂಗಟ್ಟೆ, ಕಾಳಿಂಗ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದಾಗ ವಿಜ್ಞಾನಿಗಳು ಅದಕ್ಕಿಟ್ಟ ಹೆಸರಿನಲ್ಲೂ ಕನ್ನಡದ ‘ಕಾಳಿಂಗ’ವೇ ಇದೆ.

ಇಲ್ಲೂ ಕಾನೂನಿನ ಎಚ್ಚರ ಬೇಕು. ಕಾಡಿನಲ್ಲಿ ಸಿಕ್ಕ ಜಿಂಕೆ ಕೊಂಬು, ಮಂಗಟ್ಟೆಯ ಕೊಕ್ಕು, ಚಿಪ್ಪುಹಂದಿಯ ಚಿಪ್ಪು, ಕಡಲ ಹವಳ ಇವನ್ನು ‘ಪಾಠಕ್ಕೆ ತಾನೆ’ ಎಂದು ಚೀಲಕ್ಕೆ ಹಾಕಿಕೊಳ್ಳಬೇಡಿ. 2023ರಲ್ಲಿ ಹುಲಿ ಉಗುರಿನ ಪದಕ ತೊಟ್ಟವರ ಮೇಲೆ ರಾಜ್ಯದಲ್ಲಿ ಕೇಸುಗಳಾದದ್ದು ನೆನಪಿರಬಹುದು. ಹೆಜ್ಜೆಗುರುತಿನ ಪ್ಲಾಸ್ಟರ್ ಅಚ್ಚು, ದೊಡ್ಡ ಫೋಟೊ, ಹಕ್ಕಿಗಳ ಧ್ವನಿಮುದ್ರಣ, ತಿನ್ನುವ ಬಳಚಿನ ಚಿಪ್ಪು, ಹಣ್ಣು ಬೀಜ ಸಾಕು. ಮೈಸೂರಿನ ಎನ್‌ಸಿಎಫ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಯ ಅರ್ಲಿ ಬರ್ಡ್ ಯೋಜನೆಯ ಹಕ್ಕಿ ಚಿತ್ರಪಟಗಳು, ಕಿರುಹೊತ್ತಿಗೆಗಳು ಕನ್ನಡದಲ್ಲೂ ಇವೆ.

ಕಷ್ಟವಿರುವುದು ದುಡ್ಡಿನಲ್ಲಿ. ಸರ್ಕಾರಿ ಶಾಲೆಗೆ ಕೊಡಲು ಹಣವಿಲ್ಲ, ಖಾಸಗಿ ಶಾಲೆ ಕೊಡುತ್ತದೆ, ಆದರೆ ಪರೀಕ್ಷೆ ಹತ್ತಿರ ಬಂದರೆ ಮುಂದೂಡುತ್ತದೆ. ಬೇಸಿಗೆ ಶಿಬಿರ, ಹೋಂಸ್ಟೇಗಳ ವಾರಾಂತ್ಯದ ನಡಿಗೆ, ಸಂಘ ಸಂಸ್ಥೆಗಳ ಯೋಜನೆ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುವುದು, ಇವೆಲ್ಲ ಸೇರಿದರೇ ತಿಂಗಳು ಕಳೆಯುತ್ತದೆ. ಮೊದಲ ಎರಡು ಮೂರು ವರ್ಷ ಬೇರೊಂದು ಆಧಾರವಿಲ್ಲದೆ ಇಳಿಯಬೇಡಿ.

ಹಾವು ಹಿಡಿಯುವುದನ್ನು ಇದರ ಜೊತೆ ಸೇರಿಸುವವರಿದ್ದಾರೆ. ಅದು ವೃತ್ತಿಯಲ್ಲ, ಪ್ರದರ್ಶನವಂತೂ ಆಗಲೇಬಾರದು. ನಮ್ಮ ಘಟ್ಟದಲ್ಲಿರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈಗ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುವುದಿಲ್ಲ. ಹಾವಿನ ಬಗ್ಗೆ ಕಲಿಸಲು ಹಾವು ಕೈಯಲ್ಲಿರಬೇಕಿಲ್ಲ.

ಯಾರಿಗೆ ಯಾವುದು

ವಿದೇಶಿ ಪ್ರಾಣಿಗಳೇ ಬೇಕು ಎನ್ನುವವರು ಪಶುವೈದ್ಯಕೀಯ ಓದಲಿ, ಅಂಕ ಸಾಲದಿದ್ದರೆ ಪ್ರಾಣಿಶಾಸ್ತ್ರ ಮುಗಿಸಿ ಮೃಗಾಲಯದ ಕಡೆ ಹೋಗಲಿ.

ಪಿಯುಸಿ ವಿಜ್ಞಾನ ಮುಗಿಸಿ, ಮನೆಯವರು ನಾಲ್ಕು ವರ್ಷ ಓದಿಸಬಲ್ಲರು ಎಂದಾದರೆ ಶಿರಸಿ ಫಾರೆಸ್ಟ್ರಿ. ಕರಾವಳಿಯ ಬಿ.ಎಸ್ಸಿ. ಪದವೀಧರರಿಗೆ ಕೋಡಿಬಾಗ. ಕಡಲ ಜೀವಿಗಳ ಬಗ್ಗೆ ಕನ್ನಡದಲ್ಲಿ ಮಕ್ಕಳಿಗೆ ಹೇಳಬಲ್ಲವರು ಬಹಳ ಕಡಿಮೆ, ಹಾಗಾಗಿ ಪೈಪೋಟಿಯೂ ಕಡಿಮೆ.

ಈ ವರ್ಷವೇ ದುಡಿಯಬೇಕಾದವರಿಗೆ ಗೈಡ್ ಕೆಲಸ. ಕಲಾ ವಿಭಾಗ ಓದಿದ್ದರೂ ಅಡ್ಡಿಯಿಲ್ಲ. ಎರಡು ವರ್ಷದಲ್ಲಿ ನೂರೈವತ್ತು ಹಕ್ಕಿ, ಐವತ್ತು ಮರ ಕಣ್ಣು ಮುಚ್ಚಿ ಹೇಳುವಂತಾದರೆ ಮುಂದಿನ ಬಾಗಿಲು ತಾನಾಗಿ ತೆರೆಯುತ್ತದೆ. ತೋಟವಿರುವ ಮನೆಯವರು ಕೊಯ್ಲಿನ ಹೊತ್ತು ಬಿಟ್ಟು ಉಳಿದ ತಿಂಗಳಲ್ಲಿ ಶಿಬಿರ, ನಡಿಗೆ ಮಾಡಬಹುದು. ತೋಟವೇ ತರಗತಿಯೂ ಆಗುತ್ತದೆ.

ಈಗಾಗಲೇ ಶಿಕ್ಷಕರಾಗಿರುವವರು ಯಾರಿಗಿಂತಲೂ ಮುಂದಿದ್ದಾರೆ. ಸಂಬಳವಿದೆ, ಮಕ್ಕಳು ಕೈಯಲ್ಲೇ ಇದ್ದಾರೆ. ಹೊಸ ಕೆಲಸ ಹುಡುಕಬೇಕಿಲ್ಲ, ಒಂದು ವರ್ಷದ ಪಟ್ಟಿ ಸಾಕು. ಜೂನ್ ತಿಂಗಳಲ್ಲಿ ಶಾಲೆಯ ಹಿಂದಿನ ಹೊಂಡದ ಕಪ್ಪೆಗಳ ಕೂಗು, ಮಳೆ ನಿಂತ ಮೇಲೆ ಚಿಟ್ಟೆ, ನವೆಂಬರಿನಿಂದ ಗದ್ದೆ ಅಳಿವೆಗೆ ಬರುವ ವಲಸೆ ಹಕ್ಕಿ, ಜನವರಿ ನಂತರ ಕರಾವಳಿಯಲ್ಲಿ ಆಮೆಗೂಡು, ಘಟ್ಟದ ಮೇಲೆ ಫೆಬ್ರವರಿಯಿಂದ ಪೊಟರೆಯೊಳಗೆ ಕೂತ ಹೆಣ್ಣು ಮಂಗಟ್ಟೆಗೆ ಹಣ್ಣು ತರುವ ಗಂಡು. ಗೂಡಿನಿಂದ ದೂರ ಇರಬೇಕೆಂಬುದೂ ಪಾಠವೇ. ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಬೇಕಾದ ವಲಯ ಅರಣ್ಯಾಧಿಕಾರಿಯ ಅನುಮತಿ ಪತ್ರಕ್ಕೆ ಶಾಲೆ ತೆರೆಯುವ ಮೊದಲೇ ಅರ್ಜಿ ಕೊಟ್ಟಿಡಿ.